ಅಂಗಡಿ ಕ್ಯಾಟಲಾಗುಗಳ ಮುಖಪುಟ ಚಿತ್ರಕಲೆ

ದೊಡ್ಡ ಅಂಗಡಿಗಳೂ ಅಂಚೆಯ ಮೂಲಕ ಸರಕು ಕಳಿಸುವ ವ್ಯಾಪಾರಿಗಳೂ ತಮ್ಮಲ್ಲಿರುವ ಸಾಮಾನಿನ ಚಿತ್ರ, ವಿವರ, ಬೆಲೆಗಳನ್ನು ಒಟ್ಟುಮಾಡಿ ಗಿರಾಕಿಗಳ ಮನೆಗೆ ತಲುಪಿಸುತ್ತಿದ್ದ ಪುಸ್ತಕಗಳ ಹೊದಿಕೆಯ ಮೇಲೆ ಬೆಳೆದ ಚಿತ್ರಪ್ರಕಾರ ಇದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಯುರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ರೂಪು ತಳೆದು, ಇಪ್ಪತ್ತನೆಯ ಶತಮಾನದ ಮೊದಲ ನಲವತ್ತು ವರ್ಷ ತನ್ನ ಉತ್ತಮ ಕಾಲವನ್ನು ಕಂಡು, ಬಣ್ಣದ ಛಾಯಾಚಿತ್ರ ಅಗ್ಗವಾದಂತೆ ಹಿಂದೆ ಸರಿಯಿತು. ಈ ಚಿತ್ರಗಳನ್ನು ಕಲಾ ಇತಿಹಾಸದ ಪುಸ್ತಕಗಳು ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಒಂದು ಕಾಲದ ಅಮೆರಿಕದ, ಕೆನಡಾದ ರೈತರ ಮನೆಗಳಿಗೆ ವರ್ಷಕ್ಕೆ ಎರಡು ಸಲ ತಪ್ಪದೆ ಬರುತ್ತಿದ್ದ ದೊಡ್ಡ ಬಣ್ಣದ ಚಿತ್ರವೆಂದರೆ ಇದೇ. ಚಿತ್ರಶಾಲೆ ಕಾಣದ ಲಕ್ಷಾಂತರ ಮಂದಿಯ ಕಣ್ಣನ್ನು ಬೆಳೆಸಿದ್ದೂ ಇದೇ.

ಕ್ಯಾಟಲಾಗಿನ ಒಳಪುಟಗಳಲ್ಲಿ ಪ್ರತಿ ಅಂಗುಲಕ್ಕೂ ಲೆಕ್ಕವಿತ್ತು. ಯಾವ ಪುಟದಿಂದ ಎಷ್ಟು ಮಾರಾಟವಾಯಿತು ಎಂದು ನೋಡಿ, ಮಾರಾಟವಾಗದ ವಸ್ತುವಿನ ಜಾಗ ಕಿತ್ತು ಇನ್ನೊಂದಕ್ಕೆ ಕೊಡುತ್ತಿದ್ದರು. ಉಸಿರಾಡಲು ಎಡೆಯಿಲ್ಲದಂತೆ ಸಣ್ಣ ಅಕ್ಷರ ತುಂಬಿದ ಆ ನೂರಾರು ಪುಟಗಳ ನಡುವೆ, ಹೆಚ್ಚಿನ ಕ್ಯಾಟಲಾಗುಗಳಲ್ಲಿ, ಬೆಲೆ ಬರೆಯದ ಪುಟ ಮುಖಪುಟವೊಂದೇ. ಈ ಚಿತ್ರಗಳ ಸೊಗಸಿಗೆ ಮೂಲ ಅಲ್ಲಿದೆ. ಕೈಗಡಿಯಾರದಿಂದ ನೇಗಿಲಿನವರೆಗೆ ಎಲ್ಲವನ್ನೂ ಮಾರಲು ಹೊರಟ ವ್ಯಾಪಾರಿ ಒಂದೇ ಒಂದು ಪುಟದಲ್ಲಿ ಮಾರುವುದನ್ನು ನಿಲ್ಲಿಸಿ, ತನ್ನ ಗಿರಾಕಿ ಹೇಗೆ ಬದುಕಲು ಬಯಸುತ್ತಾನೆ ಎಂದು ಊಹಿಸಿ ಬರೆಸಿದ ಚಿತ್ರ ಅದು.

ಹೊದಿಕೆ ಇಲ್ಲದ ಕಾಲ

ಅಂಚೆ ವ್ಯಾಪಾರದ ಮೊದಲ ಹೆಜ್ಜೆಗಳಲ್ಲಿ ಮುಖಪುಟ ಎಂಬುದೇ ಇರಲಿಲ್ಲ. ವೇಲ್ಸ್‌ನ ನ್ಯೂಟೌನ್ ಎಂಬ ಸಣ್ಣ ಊರಿನ ಜವಳಿ ವ್ಯಾಪಾರಿ ಪ್ರೈಸ್ ಪ್ರೈಸ್-ಜೋನ್ಸ್ 1861ರ ಸುಮಾರಿಗೆ ತನ್ನ ಊರಿನ ಉಣ್ಣೆಯ ಫ್ಲಾನೆಲ್ ಬಟ್ಟೆಯನ್ನು ಅಂಚೆ, ರೈಲುಗಳ ಮೂಲಕ ದೂರದೂರಿಗೆ ಕಳಿಸತೊಡಗಿದ. ಅಮೆರಿಕದ ಷಿಕಾಗೋದಲ್ಲಿ ಏರನ್ ಮಾಂಟ್‌ಗೊಮರಿ ವಾರ್ಡ್ 1872ರಲ್ಲಿ ಹೊರಡಿಸಿದ್ದು 163 ಸಾಮಾನುಗಳ ಹೆಸರು, ಬೆಲೆ ಅಚ್ಚಾಗಿದ್ದ ಒಂದೇ ಒಂದು ಹಾಳೆ. ಕೆನಡಾದ ಟೊರಾಂಟೊದಲ್ಲಿ ಟಿಮೊತಿ ಈಟನ್ 1884ರಲ್ಲಿ ಅಲ್ಲಿನ ಕೈಗಾರಿಕಾ ಪ್ರದರ್ಶನಕ್ಕೆ ಬಂದವರಿಗೆ ಹಂಚಿದ 32 ಪುಟಗಳ ಪುಸ್ತಿಕೆಗೆ ಗುಲಾಬಿ ಬಣ್ಣದ ಕಾಗದದ ಹೊದಿಕೆ ಇತ್ತು. ಅಷ್ಟೇ ಅದರ ಅಲಂಕಾರ.

ಪ್ಯಾರಿಸಿನ ದೊಡ್ಡ ಅಂಗಡಿಗಳು ಈ ವಿಷಯದಲ್ಲಿ ಮುಂದಿದ್ದವು. ಅರಿಸ್ಟೀಡ್ ಬುಸಿಕೊ ಬೆಳೆಸಿದ ಬಾನ್ ಮಾರ್ಷೆ, ಪ್ರಿಂಟಾಂ, ಲೂವ್ರ್ ಮುಂತಾದ ಅಂಗಡಿಗಳು ಋತುವಿಗೊಂದು ಕ್ಯಾಟಲಾಗು, ಹೊಸವರ್ಷದ ಉಡುಗೊರೆಗಳಿಗೆ ಬೇರೆಯೇ ಆಟಿಕೆ ಕ್ಯಾಟಲಾಗು, ಗೃಹಿಣಿಯರಿಗೆ ದಿನಚರಿ ಪುಸ್ತಕ, ಮಕ್ಕಳಿಗೆ ಸಣ್ಣ ಬಣ್ಣದ ಚಿತ್ರಪಟ ಎಂದು ಕಾಗದದ ಮಳೆಯನ್ನೇ ಸುರಿಸಿದವು. ಅಂಗಡಿಯೊಳಗಿನ ಬೆರಗನ್ನು ಊರ ಹೊರಗಿನವರಿಗೂ ತೋರಿಸುವ ಹೊಣೆ ಈ ಹೊದಿಕೆಗಳ ಮೇಲಿತ್ತು. ಎಮಿಲ್ ಜೋಲಾ 1883ರಲ್ಲಿ ಇಂಥದೇ ಒಂದು ಅಂಗಡಿಯನ್ನು ಕೇಂದ್ರವಾಗಿಟ್ಟು ಕಾದಂಬರಿ ಬರೆದನೆಂದರೆ, ಆ ಅಂಗಡಿಗಳು ನಗರದ ಮನಸ್ಸನ್ನು ಎಷ್ಟು ಆವರಿಸಿದ್ದವು ಎಂದು ತಿಳಿಯುತ್ತದೆ.

ಕಲ್ಲಚ್ಚು ಮತ್ತು ಅಂಚೆ

ಮುಖಪುಟ ಬಣ್ಣ ಹಚ್ಚಿಕೊಳ್ಳಲು ಎರಡು ಸಂಗತಿ ಒದಗಿಬಂದವು: ಬಣ್ಣದ ಕಲ್ಲಚ್ಚು ಮತ್ತು ಹಳ್ಳಿಯ ಅಂಚೆ.

ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಜಿಡ್ಡಿಗೂ ನೀರಿಗೂ ಇರುವ ವೈರವನ್ನು ಬಳಸಿ ಅಚ್ಚು ತೆಗೆಯುವ ವಿದ್ಯೆಯನ್ನು ಅಲೋಯ್ಸ್ ಸೆನೆಫೆಲ್ಡರ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ಕಂಡುಹಿಡಿದ. ಕನ್ನಡಿಗರಿಗೆ ಇದು ಪರಕೀಯವಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಅಚ್ಚುಕೂಟ ಆರಂಭಿಸಿದ್ದು ಕಲ್ಲಚ್ಚಿನಿಂದಲೇ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಿನ ಮೇಲೆಯೇ ಅಚ್ಚಾಯಿತು. 1837ರಲ್ಲಿ ಗೊಡ್‌ಫ್ರುವಾ ಎಂಗೆಲ್ಮನ್ ಬಣ್ಣದ ಕಲ್ಲಚ್ಚಿಗೆ ಪೇಟೆಂಟ್ ಪಡೆದ ಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬರೆದು, ಅದೇ ಹಾಳೆಯನ್ನು ಒಂದಾದ ಮೇಲೊಂದು ಕಲ್ಲಿನ ಮೇಲೆ ಒತ್ತುವ ಪದ್ಧತಿ ವ್ಯಾಪಾರಕ್ಕೆ ಇಳಿಯಿತು. ಒಳ್ಳೆಯ ಚಿತ್ರಕ್ಕೆ ಹತ್ತು ಹನ್ನೆರಡು ಕಲ್ಲುಗಳೂ ಬೇಕಾಗುತ್ತಿದ್ದವು. ಮುಖದ ಕೆಂಪು, ಮೋಡದ ನೆರಳು, ಸೇಬಿನ ಹೊಳಪು ಎಲ್ಲವನ್ನೂ ಕುಶಲಕರ್ಮಿ ಲೇಖನಿಯ ತುದಿಯಿಂದ ಚುಕ್ಕಿ ಚುಕ್ಕಿಯಾಗಿ ಕಲ್ಲಿನ ಮೇಲೆ ಇಡುತ್ತಿದ್ದ. ಹಳೆಯ ಕ್ಯಾಟಲಾಗಿನ ಹೊದಿಕೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದರೆ ಈ ಚುಕ್ಕಿಗಳು ಕಾಣುತ್ತವೆ. ಅವು ಒಂದರಂತೆ ಒಂದಿರುವುದಿಲ್ಲ. ಒಂದು ಬಣ್ಣ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಅಂಚಿನಲ್ಲಿ ಇನ್ನೊಂದು ಬಣ್ಣ ಇಣುಕುವುದೂ ಉಂಟು. ಇಂದಿನ ಅಚ್ಚಿನಲ್ಲಿ ಸಿಗದ ಬೆಚ್ಚನೆಯ ಗುಣ ಈ ಚಿತ್ರಗಳಿಗೆ ಬಂದದ್ದು ಈ ಕೈಕೆಲಸದಿಂದ. ಆ ಕೈಗಳ ಹೆಸರು ಮಾತ್ರ ಬಹುಪಾಲು ಉಳಿದಿಲ್ಲ. ಅಚ್ಚುಕೂಟದ ಹೆಸರು ಮೂಲೆಯಲ್ಲಿ ಸಣ್ಣಗೆ ಇರುತ್ತಿತ್ತು, ಚಿತ್ರಕಾರನ ಹೆಸರು ಇರುತ್ತಿರಲಿಲ್ಲ.

ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಜರ್ಮನ್ ಯಂತ್ರಗಳನ್ನು ತರಿಸಿ ಅಚ್ಚುಕೂಟ ತೆರೆದು ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಯ ಗೋಡೆಗೆ ಏರಿಸಿದ್ದು ಇದೇ ತಂತ್ರದಿಂದ. ಷಿಕಾಗೋದ ಕ್ಯಾಟಲಾಗು ಹೊದಿಕೆಯ ಗುಲಾಬಿ ಕೆನ್ನೆಯ ಹೆಂಗಸಿಗೂ ನಮ್ಮ ಅಜ್ಜಿಯ ಕಾಲದ ದೇವರಕೋಣೆಯ ಲಕ್ಷ್ಮಿಗೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಅಚ್ಚಿನ ವಂಶ ಒಂದೇ.

ಅಂಚೆಯ ಕಡೆಯಿಂದ ಬಂದ ಬದಲಾವಣೆ ಇನ್ನೂ ದೊಡ್ಡದು. 1896ರವರೆಗೆ ಅಮೆರಿಕದ ರೈತ ತನ್ನ ಕಾಗದಪತ್ರಗಳಿಗಾಗಿ ಹತ್ತಿರದ ಊರಿನ ಅಂಚೆಕಚೇರಿಗೆ ತಾನೇ ಹೋಗಬೇಕಿತ್ತು. ಆ ವರ್ಷ ಪ್ರಯೋಗವಾಗಿ ಶುರುವಾದ ಹಳ್ಳಿಯ ಉಚಿತ ಬಟವಾಡೆ 1902ರಲ್ಲಿ ಕಾಯಂ ಆಯಿತು. 1913ರ ಜನವರಿ 1ರಂದು ಪಾರ್ಸೆಲ್ ಅಂಚೆ ಬಂತು. ಇನ್ನು ಮೇಲೆ ಪುಸ್ತಕವೂ ಮನೆಬಾಗಿಲಿಗೆ, ಸಾಮಾನೂ ಮನೆಬಾಗಿಲಿಗೆ. ಕೈಗೆ ಬಂದ ಕೂಡಲೇ ಗಿರಾಕಿ ಯಾವ ಕ್ಯಾಟಲಾಗನ್ನು ಮೊದಲು ತೆರೆಯುತ್ತಾನೆ ಎಂಬ ಪ್ರಶ್ನೆ ವ್ಯಾಪಾರಿಗಳಿಗೆ ಎದುರಾದದ್ದು ಆಗಲೇ.

ಭೂಗೋಳ, ಕಟ್ಟಡ, ಸಮೃದ್ಧಿಯ ಕೊಂಬು

ಮಿನೆಸೋಟದ ನಾರ್ತ್ ರೆಡ್‌ವುಡ್ ಎಂಬಲ್ಲಿ ರೈಲ್ವೆ ನಿಲ್ದಾಣದ ಏಜೆಂಟನಾಗಿದ್ದ ರಿಚರ್ಡ್ ಸಿಯರ್ಸ್ 1886ರಲ್ಲಿ ಜೇಬುಗಡಿಯಾರ ಮಾರಲು ತೊಡಗಿ, ಷಿಕಾಗೋಗೆ ಬಂದು, ಗಡಿಯಾರ ರಿಪೇರಿಯ ಆಲ್ವಾ ರೋಬಕ್ ಜೊತೆ ಸೇರಿದ. 1893ರಲ್ಲಿ ಸಂಸ್ಥೆಗೆ ಸಿಯರ್ಸ್, ರೋಬಕ್ ಎಂಬ ಹೆಸರಾಯಿತು. ಎರಡೇ ವರ್ಷದಲ್ಲಿ ಅವರ ಕ್ಯಾಟಲಾಗು 532 ಪುಟಕ್ಕೆ ಬೆಳೆದಿತ್ತು. ಒಳಗಿನ ಬರವಣಿಗೆಯನ್ನು ಬಹುಮಟ್ಟಿಗೆ ಸಿಯರ್ಸ್ ತಾನೇ ಬರೆಯುತ್ತಿದ್ದ. ಹೊದಿಕೆಯಲ್ಲೂ ಅವನ ದನಿಯೇ: ಭೂಗೋಳದ ಚಿತ್ರ, ಭೂಮಿಯ ಮೇಲೆಲ್ಲ ಇದಕ್ಕಿಂತ ಅಗ್ಗದ ಅಂಗಡಿ ಇಲ್ಲವೆಂಬ ಘೋಷಣೆ, ಒಂದರ ಮೇಲೊಂದು ಬೇರೆ ಬೇರೆ ಅಚ್ಚುಮೊಳೆಯ ಸಾಲುಗಳು.

ಆ ಕಾಲದ ಹೊದಿಕೆಗಳಲ್ಲಿ ಮೂರು ವಸ್ತು ಮತ್ತೆ ಮತ್ತೆ ಬರುತ್ತವೆ. ಭೂಗೋಳ ಒಂದು. ಅಂಗಡಿಯ ಕಟ್ಟಡ ಇನ್ನೊಂದು; ಕಿಟಕಿಗಳನ್ನು ಒಂದೊಂದಾಗಿ ಎಣಿಸಬಹುದಾದಷ್ಟು ವಿವರವಾಗಿ, ಇರುವುದಕ್ಕಿಂತ ದೊಡ್ಡದಾಗಿ. ಮೂರನೆಯದು ಹಣ್ಣು, ಧಾನ್ಯ, ಸರಕು ಸುರಿಯುವ ಕೊಂಬು ಹಿಡಿದ ದೇವತೆಯಂಥ ಹೆಂಗಸು. ಗ್ರೀಕ್ ಪುರಾಣದ ಸಮೃದ್ಧಿಯ ಕೊಂಬಿನಿಂದ ಹೊಲಿಗೆ ಯಂತ್ರವೂ ಒಲೆಯೂ ಉದುರುವುದನ್ನು ಇಂದು ನೋಡಿದರೆ ವಿಚಿತ್ರವೆನಿಸೀತು. ಆಗ ಅದಕ್ಕೆ ಗಟ್ಟಿ ಕಾರಣವಿತ್ತು. ಕಾಣದ ಊರಿನ, ಕಾಣದ ವ್ಯಾಪಾರಿಗೆ ರೈತ ದುಡ್ಡು ಕಳಿಸಬೇಕು. ಊರಿನ ಅಂಗಡಿಯವನಾದರೆ ಮುಖ ಪರಿಚಯವುಂಟು, ಸಾಲವೂ ಸಿಗುತ್ತದೆ. ಷಿಕಾಗೋದವನು ನಿಜವಾಗಿಯೂ ಇದ್ದಾನೆಯೇ? ಇದ್ದಾನೆ, ಇಷ್ಟು ದೊಡ್ಡ ಕಟ್ಟಡದಲ್ಲಿದ್ದಾನೆ, ಲೋಕವೆಲ್ಲ ಅವನೊಡನೆ ವ್ಯವಹರಿಸುತ್ತದೆ ಎಂದು ಹೊದಿಕೆ ಸಾಕ್ಷಿ ನುಡಿಯಬೇಕಿತ್ತು. ವಾರ್ಡ್ ಸಂಸ್ಥೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊರಡಿಸಿದ ಒಂದು ಪ್ರಸಿದ್ಧ ಬಣ್ಣದ ಚಿತ್ರದಲ್ಲಿ ಷಿಕಾಗೋದ ತನ್ನ ಕಟ್ಟಡದ ಮುಂಗೋಡೆಯನ್ನೇ ತೆಗೆದುಹಾಕಿ, ಅಂತಸ್ತು ಅಂತಸ್ತಿನಲ್ಲಿ ನಡೆಯುತ್ತಿರುವ ಕೆಲಸವನ್ನೆಲ್ಲ ತೆರೆದು ತೋರಿಸಿತು. ಮುಚ್ಚಿಡಲು ನಮ್ಮಲ್ಲಿ ಏನೂ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಚಿತ್ರ ನನಗೆ ತಿಳಿದಿಲ್ಲ.

ಊರಿನ ವ್ಯಾಪಾರಿಗಳ ಸಿಟ್ಟೂ ಸಣ್ಣದಾಗಿರಲಿಲ್ಲ. ಕೆಲವು ಊರುಗಳಲ್ಲಿ ಕ್ಯಾಟಲಾಗುಗಳನ್ನು ಒಟ್ಟುಹಾಕಿ ಬಹಿರಂಗವಾಗಿ ಸುಟ್ಟರು. ಈ ವಿರೋಧದ ನಡುವೆ ಹೊದಿಕೆ ಮೆತ್ತಗಾಗಬೇಕಿತ್ತು, ಮನೆಯವನಂತೆ ಒಳಗೆ ಬರಬೇಕಿತ್ತು. ಮುಂದಿನ ಬದಲಾವಣೆಗೆ ಇದೂ ಒಂದು ಕಾರಣ.

ಅಂಗಡಿಯಿಂದ ಮನೆಗೆ

ಹೊಸ ಶತಮಾನ ಕಾಲಿಟ್ಟ ಒಂದೆರಡು ದಶಕಗಳಲ್ಲಿ ಭೂಗೋಳವೂ ಕಟ್ಟಡವೂ ಹಿಂದಾದವು. ಮನೆ ಮುಂದೆ ಬಂತು. ಜಗಲಿಯಲ್ಲಿ ಕುಳಿತ ತಾಯಿ, ಅವಳ ತೊಡೆಯ ಮೇಲೆ ತೆರೆದ ಪುಸ್ತಕ, ಭುಜದ ಮೇಲಿಂದ ಬಗ್ಗಿ ನೋಡುವ ಮಕ್ಕಳು. ರಸ್ತೆಯಂಚಿನ ಅಂಚೆಪೆಟ್ಟಿಗೆಯ ಬಳಿ ಅಂಚೆಯವನಿಗಾಗಿ ಕಾದು ನಿಂತ ಹುಡುಗ. ದೀಪದ ಬೆಳಕಿನಲ್ಲಿ ಪೆನ್ಸಿಲ್ ಹಿಡಿದು ಲೆಕ್ಕ ಹಾಕುವ ಗಂಡ ಹೆಂಡತಿ. ಕ್ಯಾಟಲಾಗಿನ ಹೊದಿಕೆಯ ಮೇಲೆ ಕ್ಯಾಟಲಾಗು ಓದುವವರನ್ನೇ ಬರೆಯುವ ಈ ಬಗೆ, ನನ್ನ ಎಣಿಕೆಯಲ್ಲಿ, ಈ ಪ್ರಕಾರದ ಅತ್ಯಂತ ಸೂಕ್ಷ್ಮ ಕಲ್ಪನೆ. ಓದುಗ ಚಿತ್ರದಲ್ಲಿ ತನ್ನನ್ನೇ ಕಾಣುತ್ತಾನೆ, ಆದರೆ ತುಸು ಹೆಚ್ಚು ಅಚ್ಚುಕಟ್ಟಾದ ಮನೆಯಲ್ಲಿ, ತುಸು ಹೆಚ್ಚು ಬಿಡುವಿನಲ್ಲಿ.

ಋತುಗಳು ಈ ಕಲೆಯ ಬೆನ್ನೆಲುಬು. ಮುಖ್ಯ ಕ್ಯಾಟಲಾಗು ವರ್ಷಕ್ಕೆ ಎರಡು: ವಸಂತ-ಬೇಸಿಗೆಯದು ಒಂದು, ಶರತ್ತು-ಚಳಿಗಾಲದ್ದು ಇನ್ನೊಂದು. ವಸಂತದ ಹೊದಿಕೆಗೆ ಹೂಬಿಟ್ಟ ಸೇಬಿನ ಮರ, ತಿಳಿ ಹಸಿರು, ಟೋಪಿ ಹಾಕಿದ ಹುಡುಗಿಯರು. ಶರತ್ತಿಗೆ ಕುಂಬಳ, ಒಣಹುಲ್ಲಿನ ರಾಶಿ, ಕೆಂಪು ಎಲೆ, ಬೇಟೆನಾಯಿ. ಮುಂದಿನ ಋತುವಿಗೆ ಆರ್ಡರು ಬರೆಯಲು ಸಮಯ ಬೇಕಾದ್ದರಿಂದ ಪುಸ್ತಕ ಋತುವಿಗಿಂತ ಮೊದಲೇ ಮನೆ ಸೇರುತ್ತಿತ್ತು. ಸೆಕೆಯಲ್ಲಿ ಬೆವರುತ್ತ ಕುಳಿತವರ ಕೈಗೆ ಹೇಮಂತದ ಬಣ್ಣಗಳು ಬರುತ್ತಿದ್ದವು. ಮುಂಬರುವ ಕಾಲಕ್ಕಾಗಿ ಆಸೆ ಹುಟ್ಟಿಸುವ ಕೆಲಸದಲ್ಲಿ ಚಿತ್ರಕಾರನಿಗೆ ಈ ಅಂತರವೇ ನೆರವಾಯಿತು.

ಸಿಯರ್ಸ್‌ನವರು ತಮ್ಮ ಪುಸ್ತಕವನ್ನು ಬೇಕೆಂದೇ ವಾರ್ಡ್‌ನವರದಕ್ಕಿಂತ ಸ್ವಲ್ಪ ಚಿಕ್ಕ ಅಳತೆಗೆ ಕತ್ತರಿಸಿದರು ಎಂಬ ಮಾತು ಈ ವ್ಯಾಪಾರದ ಇತಿಹಾಸಗಳಲ್ಲಿ ಮರಳಿ ಮರಳಿ ಬರುತ್ತದೆ. ಮನೆಯನ್ನು ಓರಣ ಮಾಡುವ ಹೆಂಗಸು ದೊಡ್ಡ ಪುಸ್ತಕದ ಮೇಲೆ ಚಿಕ್ಕದನ್ನು ಇಡುತ್ತಾಳೆ. ಆಗ ಮೇಲೆ ಕಾಣುವುದು ಸಿಯರ್ಸ್‌ನ ಹೊದಿಕೆ. ವರ್ಷವಿಡೀ ಮೇಜಿನ ಮೇಲೆ ಇರುವ ಚಿತ್ರ ಯಾರದಾಗಬೇಕು ಎಂಬುದಕ್ಕಾಗಿಯೇ ಪೈಪೋಟಿ ಇತ್ತೆಂಬುದು ಇದರಿಂದ ಸ್ಪಷ್ಟ.

1920ರ ದಶಕದಲ್ಲಿ ಮೋಟಾರು ಕಾರು ರೈತನ ಅಂಗಳಕ್ಕೂ ಬಂತು. ಅವನು ಈಗ ಪೇಟೆಗೆ ಹೋಗಿ ಬರಬಲ್ಲ. ಅದನ್ನು ಅರಿತ ಸಿಯರ್ಸ್ 1925ರಲ್ಲಿ, ವಾರ್ಡ್ 1926ರಲ್ಲಿ ತಾವೇ ಅಂಗಡಿಗಳನ್ನು ತೆರೆದರು. ಕ್ಯಾಟಲಾಗಿಗೆ ಈಗ ಊರಂಗಡಿಯ ಕಿಟಕಿಯ ಜೊತೆಗೂ, ವಾರಪತ್ರಿಕೆಗಳ ಬಣ್ಣದ ಮುಖಪುಟದ ಜೊತೆಗೂ ಸ್ಪರ್ಧೆ. ಹೀಗಾಗಿ ಪತ್ರಿಕಾ ಚಿತ್ರಕಾರರನ್ನೇ ಕರೆತಂದರು. 1916ರಿಂದ ‘ಸ್ಯಾಟರ್ಡೆ ಈವ್ನಿಂಗ್ ಪೋಸ್ಟ್’ನ ಮುಖಪುಟಗಳಿಂದ ಮನೆಮಾತಾಗಿದ್ದ ನಾರ್ಮನ್ ರಾಕ್‌ವೆಲ್ ಸಿಯರ್ಸ್ ಕ್ಯಾಟಲಾಗಿಗೂ ಹೊದಿಕೆ ಬರೆದ. ಹೆಸರಿಲ್ಲದ ಕಲ್ಲುಗಾರನ ಜಾಗಕ್ಕೆ ಹೆಸರಾಂತ ಕುಂಚ ಬಂದದ್ದು ದೊಡ್ಡ ತಿರುವು. ಅಷ್ಟರಲ್ಲಿ ಕಲ್ಲೂ ಹೋಗಿತ್ತು. ಮೂಲ ಚಿತ್ರವನ್ನು ಜಾಲರಿ ಗಾಜಿನ ಮೂಲಕ ಕ್ಯಾಮರಾದಲ್ಲಿ ಹಿಡಿದು, ಹಳದಿ, ಕೆಂಪು, ನೀಲಿ, ಕಪ್ಪು ಎಂದು ನಾಲ್ಕು ಫಲಕ ಮಾಡುವ ಹಾಫ್‌ಟೋನ್ ಪದ್ಧತಿ ಬಂದು, ಎಣ್ಣೆಬಣ್ಣದ ಕುಂಚದ ಗೆರೆ ಹಾಗೆಯೇ ಅಚ್ಚಿಗೆ ಇಳಿಯುವಂತಾಯಿತು. ಷಿಕಾಗೋದ ಆರ್. ಆರ್. ಡಾನೆಲಿಯಂಥ ದೈತ್ಯ ಮುದ್ರಣಾಲಯಗಳು ಕ್ಯಾಟಲಾಗುಗಳಿಂದಲೇ ಬೆಳೆದವು.

ಕ್ರಿಸ್‌ಮಸ್ ಪುಸ್ತಕ

ಆರ್ಥಿಕ ಕುಸಿತದ ನಡುವೆ, 1933ರಲ್ಲಿ, ಸಿಯರ್ಸ್ ಕ್ರಿಸ್‌ಮಸ್‌ಗೆಂದೇ ಬೇರೆ ಪುಸ್ತಕ ಹೊರಡಿಸಿತು. ಗೊಂಬೆ, ವಿದ್ಯುತ್ ರೈಲು, ಮಿಕ್ಕಿ ಮೌಸ್ ಕೈಗಡಿಯಾರ, ಪಂಜರದಲ್ಲಿ ಹಾಡುವ ಕ್ಯಾನರಿ ಹಕ್ಕಿ ಕೂಡ ಅದರಲ್ಲಿದ್ದವು. ಜನ ಅದನ್ನು ‘ವಿಷ್ ಬುಕ್’, ಅಂದರೆ ಬಯಕೆಗಳ ಪುಸ್ತಕ, ಎಂದು ಕರೆಯುತ್ತಿದ್ದರು. 1968ರಲ್ಲಿ ಸಂಸ್ಥೆಯೇ ಆ ಹೆಸರನ್ನು ಹೊದಿಕೆಗೆ ಏರಿಸಿತು.

ಈ ಹೊದಿಕೆಗಳ ನಿಜವಾದ ಓದುಗರು ಮಕ್ಕಳು. ಅದಕ್ಕೇ ಇಲ್ಲಿ ಚಿತ್ರಕಾರ ಕಣ್ಣನ್ನು ಕೆಳಕ್ಕೆ ಇಳಿಸುತ್ತಾನೆ. ಮರ ಎತ್ತರವಾಗಿ ಕಾಣುತ್ತದೆ, ಸಾಂತಾ ಕ್ಲಾಸನ ಚೀಲ ಮುಂದಕ್ಕೆ ಬರುತ್ತದೆ, ಮೆಟ್ಟಿಲ ಮೇಲೆ ರಾತ್ರಿಯಂಗಿಯಲ್ಲಿ ಕುಳಿತವರು ನಮಗೆ ಬೆನ್ನು ಮಾಡಿರುತ್ತಾರೆ. ಕೆಂಪು, ಹಸಿರು, ಚಿನ್ನದ ಬಣ್ಣಗಳ ಈ ಜೋಡಣೆ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಎಷ್ಟು ಗಟ್ಟಿಯಾಯಿತೆಂದರೆ, ಅಂಗಡಿಯ ಹೆಸರು ಓದದೆಯೇ ಪುಸ್ತಕ ಯಾವುದೆಂದು ತಿಳಿಯುತ್ತಿತ್ತು. ವಾರ್ಡ್ ಸಂಸ್ಥೆ ಈ ಹಬ್ಬಕ್ಕೆ ಕೊಟ್ಟ ಕಾಣಿಕೆ ಇನ್ನೊಂದು ಬಗೆಯದು. ಅಲ್ಲಿ ಜಾಹೀರಾತು ಬರೆಯುತ್ತಿದ್ದ ರಾಬರ್ಟ್ ಮೇ 1939ರಲ್ಲಿ ಅಂಗಡಿಗೆ ಬಂದ ಮಕ್ಕಳಿಗೆ ಹಂಚಲೆಂದು ಕೆಂಪು ಮೂಗಿನ ರುಡಾಲ್ಫ್ ಎಂಬ ಹಿಮಸಾರಂಗದ ಕಥೆ ಬರೆದ. ಡೆನ್ವರ್ ಗಿಲೆನ್ ಚಿತ್ರ ಬರೆದ. ಆ ವರ್ಷ 24 ಲಕ್ಷ ಪ್ರತಿ ಹಂಚಿದರು. ಇಂದು ಲೋಕವೇ ತನ್ನದೆಂದುಕೊಂಡಿರುವ ಆ ಹಬ್ಬದ ಜೀವಿ ಒಂದು ಅಂಗಡಿಯ ಉಚಿತ ಪುಸ್ತಿಕೆಯಿಂದ ಹೊರಟು ಬಂದದ್ದು.

ಕೆನಡಾದ ಈಟನ್ಸ್

ಗುಲಾಬಿ ಹೊದಿಕೆಯಿಂದ ಆರಂಭವಾದ ಈಟನ್ಸ್ ಕ್ಯಾಟಲಾಗು ಪಶ್ಚಿಮ ಕೆನಡಾದ ಹುಲ್ಲುಗಾವಲಿನಲ್ಲಿ ಹೊಸದಾಗಿ ನೆಲೆಸಿದ ವಲಸಿಗರಿಗೆ ಬೈಬಲ್ಲಿನಷ್ಟೇ ಹತ್ತಿರದ ಪುಸ್ತಕವಾಯಿತು. ಅಲ್ಲಿ ಅದಕ್ಕೆ ಆ ಅಡ್ಡಹೆಸರೂ ಇತ್ತು. ಇಂಗ್ಲಿಷ್ ಬಾರದ ಯುಕ್ರೇನಿನ, ಐಸ್‌ಲ್ಯಾಂಡಿನ ಮಕ್ಕಳು ಅದರ ಚಿತ್ರ ನೋಡಿ ಪದ ಕಲಿತರು. ಹಳೆಯದಾದ ಮೇಲೆ ಪಾಯಿಖಾನೆಗೆ ಹೋಯಿತು, ಐಸ್ ಹಾಕಿ ಆಡುವ ಹುಡುಗರ ಕಾಲ್ಚೀಲದೊಳಗೆ ಕಾಲಿನ ಕಾಪಾಗಿಯೂ ಸೇರಿತು. ರೋಕ್ ಕ್ಯಾರಿಯೆ ಬರೆದ ‘ಹಾಕಿ ಸ್ವೆಟರ್’ ಕಥೆಯಲ್ಲಿ ಕ್ವೆಬೆಕ್‌ನ ತಾಯಿಯೊಬ್ಬಳು ಈಟನ್ಸ್‌ಗೆ ಕಾಗದ ಬರೆದು ಮಗನಿಗೆ ಸ್ವೆಟರ್ ತರಿಸುತ್ತಾಳೆ, ಬರುವುದು ಎದುರಾಳಿ ತಂಡದ್ದು. ಆ ದೇಶದ ಎಲ್ಲರಿಗೂ ಅದು ತಮ್ಮದೇ ಕಥೆಯೆನಿಸಲು ಕ್ಯಾಟಲಾಗೇ ಕಾರಣ. 1976ರಲ್ಲಿ ಅದು ನಿಂತಿತು.

ಬೀಜದ ಕ್ಯಾಟಲಾಗು

ಬೀಜ, ಸಸಿ ಮಾರುವವರ ಕ್ಯಾಟಲಾಗುಗಳ ದಾರಿಯೇ ಬೇರೆ. ಇಲ್ಲಿ ಹೊದಿಕೆಯೂ ಮಾರುತ್ತದೆ. ಕಾರಣ ಸರಳ: ಮಾರುವ ವಸ್ತು ಸಾಸಿವೆಯಷ್ಟು ಗಾತ್ರದ ಕಂದು ಕಾಳು, ನೋಡಿದರೆ ಏನೂ ಅಲ್ಲ. ಆರು ತಿಂಗಳ ಮೇಲೆ ಅದು ಏನಾಗಲಿದೆ ಎಂಬುದನ್ನು ಚಿತ್ರವೇ ತೋರಿಸಬೇಕು. ಫಿಲಡೆಲ್ಫಿಯದಲ್ಲಿ ಡಬ್ಲ್ಯು. ಅಟ್ಲಿ ಬರ್ಪಿ 1876ರಲ್ಲಿ ಆರಂಭಿಸಿದ ಸಂಸ್ಥೆ, ನ್ಯೂಯಾರ್ಕಿನ ಪೀಟರ್ ಹೆಂಡರ್ಸನ್, ರಾಚೆಸ್ಟರಿನ ಜೇಮ್ಸ್ ವಿಕ್, ಡೆಟ್ರಾಯ್ಟಿನ ಡಿ. ಎಂ. ಫೆರಿ ಇವರೆಲ್ಲ ಬಣ್ಣದ ಕಲ್ಲಚ್ಚನ್ನು ಅದರ ಎತ್ತರಕ್ಕೆ ಒಯ್ದವರು. ನರ್ಸರಿಗಳು ತುಂಬಿದ್ದ ರಾಚೆಸ್ಟರ್ ನಗರದಲ್ಲಿ ಹೂ ಹಣ್ಣುಗಳ ಚಿತ್ರಫಲಕ ಬರೆಯುವುದೇ ಒಂದು ಕಸುಬಾಗಿ ಬೆಳೆಯಿತು.

ಈ ಚಿತ್ರಗಳಲ್ಲಿ ಟೊಮೇಟೊ ಮಗುವಿನ ತಲೆಯಷ್ಟಿರುತ್ತದೆ. ಎಲೆಕೋಸನ್ನು ಹೊತ್ತ ಹುಡುಗ ಕೋಸಿನ ಹಿಂದೆ ಮರೆಯಾಗುತ್ತಾನೆ. ಸಿಹಿ ಬಟಾಣಿ ಹೂವಿನ ಹುಚ್ಚು ಹರಡಿದ್ದ 1900ರ ಆಸುಪಾಸಿನಲ್ಲಿ ಹೊದಿಕೆಗಳು ತಿಳಿ ನೇರಳೆ, ಗುಲಾಬಿ, ಕೆನೆ ಬಣ್ಣಗಳಲ್ಲಿ ಮುಳುಗಿದವು. ಉತ್ಪ್ರೇಕ್ಷೆ ಇದ್ದದ್ದು ನಿಜ. ಆದರೆ ಎಲೆಯ ನರ, ಹೂವಿನ ಮಡಿಕೆ, ಕಾಯಿಯ ಮೇಲಿನ ಬೂದಿ ಇವನ್ನೆಲ್ಲ ಗಿಡವನ್ನು ಎದುರಿಗಿಟ್ಟುಕೊಂಡೇ ಬರೆದದ್ದು ಎಂಬುದೂ ಅಷ್ಟೇ ನಿಜ. ಈಗ ಬೆಳೆಯಿಂದ ಮರೆಯಾದ ತಳಿಗಳ ಬಣ್ಣ, ಆಕಾರ ತಿಳಿಯಲು ತೋಟಗಾರಿಕೆಯ ಇತಿಹಾಸಕಾರರು ಈ ಹೊದಿಕೆಗಳನ್ನೇ ಆಶ್ರಯಿಸುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಥೆಲ್ ಬೇಯ್ಲಿ ಹೆಸರಿನ ಸಂಗ್ರಹ, ಸ್ಮಿತ್‌ಸೋನಿಯನ್ ಗ್ರಂಥಾಲಯದ ಸಂಗ್ರಹ ಇಂಥವುಗಳಲ್ಲಿ ದೊಡ್ಡವು. ಇಂಗ್ಲೆಂಡಿನ ರೆಡಿಂಗ್‌ನ ಸಟನ್ ಅಂಡ್ ಸನ್ಸ್ ಕಲ್ಕತ್ತೆಯಲ್ಲಿ ಶಾಖೆ ಇಟ್ಟು ಭಾರತದ ದಂಡುಪ್ರದೇಶಗಳ, ಗಿರಿಧಾಮಗಳ ತೋಟಗಳಿಗೆ ಬೀಜ ಒದಗಿಸುತ್ತಿತ್ತು. ಪುಣೆಯ ಪೆಸ್ತೋನ್‌ಜಿ ಪೋಚಾ ಸಂಸ್ಥೆ 1884ರಿಂದ ಇದೇ ವ್ಯಾಪಾರದಲ್ಲಿತ್ತು.

ಮಿತ್ಸುಕೋಶಿಯ ಹೊದಿಕೆಗಳು

ಜಪಾನಿನಲ್ಲಿ ಈ ಕಲೆ ಬೇರೆ ಮಟ್ಟ ಮುಟ್ಟಿತು. ಹಳೆಯ ಕಿಮೋನೋ ಜವಳಿ ಅಂಗಡಿಯಾಗಿದ್ದ ಮಿತ್ಸುಕೋಶಿ 1904–05ರಲ್ಲಿ ತಾನಿನ್ನು ಪಾಶ್ಚಾತ್ಯ ಮಾದರಿಯ ದೊಡ್ಡ ಅಂಗಡಿ ಎಂದು ಸಾರಿತು. ಅದಕ್ಕೂ ಮೊದಲೇ, 1899ರಲ್ಲಿ, ‘ಹನಗೊರೊಮೊ’ ಎಂಬ ಪ್ರಚಾರ ಪುಸ್ತಕವನ್ನು ಹೊರತಂದಿತ್ತು. ಸರಕಿನ ವಿವರದ ಜೊತೆ ಕಥೆ, ಲೇಖನ ಸೇರಿಸಿದ ಈ ಪುಸ್ತಕಗಳು ಕ್ಯಾಟಲಾಗಿಗೂ ಮಾಸಪತ್ರಿಕೆಗೂ ನಡುವಿನವು. 1908ರಲ್ಲಿ ಸಂಸ್ಥೆಗೆ ಸೇರಿದ ಹಿಸುಯಿ ಸುಗಿಯುರಾ 1934ರವರೆಗೆ ಅಲ್ಲಿಯೇ ವಿನ್ಯಾಸಗಾರನಾಗಿದ್ದು ಹೊದಿಕೆಯ ಮೇಲೆ ಹೊದಿಕೆ ಬರೆದ. ಜಪಾನಿನ ಸಾಂಪ್ರದಾಯಿಕ ಚಿತ್ರವಿದ್ಯೆ ಕಲಿತಿದ್ದ ಅವನ ಕಣ್ಣು ಪ್ಯಾರಿಸಿನಿಂದ ಬಂದ ಆರ್ಟ್ ನೂವೋ ಚಿತ್ರಗಳನ್ನು ಕಂಡು ಹೊಸ ದಾರಿ ಹಿಡಿದಿತ್ತು.

ಅಮೆರಿಕದ ಹೊದಿಕೆ ಕಥೆ ಹೇಳುತ್ತದೆ. ಸುಗಿಯುರಾನ ಹೊದಿಕೆ ಹೇಳುವುದಿಲ್ಲ. ಒಂದು ಹೂ, ಒಂದು ಚಿಟ್ಟೆ, ಕನ್ನಡಿ ಹಿಡಿದ ಹೆಂಗಸಿನ ಪಾರ್ಶ್ವಮುಖ, ಸುತ್ತ ಖಾಲಿ ಜಾಗ. ಅಲ್ಲಿ ಸರಕಿಲ್ಲ, ಕುಟುಂಬವಿಲ್ಲ, ಹಬ್ಬವಿಲ್ಲ. ಇಂಥ ಅಂಗಡಿಗೆ ಹೋಗುವವನ ಅಭಿರುಚಿ ಎಂಥದ್ದಿರಬೇಕು ಎಂಬುದನ್ನು ಮಾತ್ರ ಅದು ಸೂಚಿಸುತ್ತದೆ. ಜಪಾನಿನ ಆಧುನಿಕ ಗ್ರಾಫಿಕ್ ವಿನ್ಯಾಸದ ಇತಿಹಾಸ ಬರೆಯುವವರು ಸುಗಿಯುರಾನಿಂದಲೇ ತೊಡಗುತ್ತಾರೆ. ಈ ಪ್ರಕಾರದಲ್ಲಿ ಒಬ್ಬನೇ ಕಲಾವಿದನ ಕೈ ಇಷ್ಟು ದೀರ್ಘಕಾಲ ಕಾಣುವುದು ಬೇರೆಡೆ ಅಪರೂಪ.

ಭಾರತದಲ್ಲಿ

ಲಂಡನ್ನಿನ ಆರ್ಮಿ ಅಂಡ್ ನೇವಿ ಸ್ಟೋರ್ಸ್ 1891ರಲ್ಲಿ ಮುಂಬಯಿಯಲ್ಲಿ, 1901ರಲ್ಲಿ ಕಲ್ಕತ್ತೆಯಲ್ಲಿ ಅಂಗಡಿ ತೆರೆಯಿತು. ಅದರ ದಪ್ಪ ಬೆಲೆಪಟ್ಟಿಗಳು ಬ್ರಿಟಿಷ್ ಅಧಿಕಾರಿಗಳ, ತೋಟದ ದೊರೆಗಳ ಮನೆಗೆ ಹೋಗುತ್ತಿದ್ದವು. ಹೊದಿಕೆಗಳು ಗಂಭೀರ, ಬಹುಮಟ್ಟಿಗೆ ಅಕ್ಷರವೇ. ದೇಶೀ ವ್ಯಾಪಾರಿಗಳಿಗೆ ದಾರಿ ತೆರೆದದ್ದು 1877ರಲ್ಲಿ ಅಂಚೆ ಇಲಾಖೆ ತಂದ ವಿ.ಪಿ.ಪಿ. ಪದ್ಧತಿ. ಸಾಮಾನು ಕೈಗೆ ಬಂದಾಗ ದುಡ್ಡು ಕೊಟ್ಟರಾಯಿತು ಎಂಬ ಅನುಕೂಲದಿಂದ ಪುಸ್ತಕ, ಔಷಧ, ಗಡಿಯಾರ, ಅತ್ತರು ಹಳ್ಳಿಹಳ್ಳಿಗೆ ತಲುಪಿದವು.

ಆದರೂ ಸಿಯರ್ಸ್ ಅಥವಾ ಈಟನ್ಸ್‌ನಂತೆ ಮನೆಮನೆಗೂ ವರ್ಷಕ್ಕೆರಡು ಸಲ ಬರುವ ಚಿತ್ರಪುಸ್ತಕ ಇಲ್ಲಿ ಬೆಳೆಯಲಿಲ್ಲ. ಆ ಜಾಗವನ್ನು ತುಂಬಿದ್ದು ಕ್ಯಾಲೆಂಡರು. ಜವಳಿ ಅಂಗಡಿ, ಬೀಡಿ ಕಂಪನಿ, ದಿನಸಿ ಮಳಿಗೆ, ಸಾಬೂನು ಕಾರ್ಖಾನೆ ಎಲ್ಲವೂ ವರ್ಷಕ್ಕೊಂದು ದೊಡ್ಡ ಬಣ್ಣದ ಚಿತ್ರವನ್ನು ಗಿರಾಕಿಗೆ ಉಚಿತವಾಗಿ ಕೊಡುತ್ತಿದ್ದವು. ಚಿತ್ರದ ಕೆಳಗೆ ಅಂಗಡಿಯ ಹೆಸರು. ಇಲ್ಲಿಯೂ ಚಿತ್ರದ ಮೇಲೆ ಬೆಲೆ ಇಲ್ಲ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್ ಮುಂಬಯಿಯಲ್ಲಿ ಸಿನಿಮಾ ಭಿತ್ತಿಚಿತ್ರಗಳಿಂದಲೂ ಇಂಥ ಕ್ಯಾಲೆಂಡರ್ ಚಿತ್ರಗಳಿಂದಲೂ ಹೆಸರಾದವರು. ಪುರಾಣದ ನಾಯಕ ನಾಯಿಕೆಯರಿಗೆ ಅವರು ಕೊಟ್ಟ ಮೈಕಟ್ಟು, ಬೆಳಕು ಎಷ್ಟೋ ಕನ್ನಡದ ಮನೆಗಳ ಗೋಡೆಯ ಮೇಲೆ ವರ್ಷ ಮುಗಿದ ಮೇಲೂ ಉಳಿದವು. ಪಂಡಿತರನ್ನು ಕೇವಲ ಕ್ಯಾಲೆಂಡರ್ ಕಲಾವಿದರೆಂದು ಬದಿಗಿಟ್ಟವರು ಅಂಗಡಿಯ ಮೂಲಕ ಹರಿದ ಚಿತ್ರಕಲೆಯ ಬಲವನ್ನು ಅಳೆಯಲಾರದೆ ಹೋದರು.

ಮುಖಪುಟದಲ್ಲಿ ಇಲ್ಲದವರು

ಅಮೆರಿಕದ ಕ್ಯಾಟಲಾಗು ಹೊದಿಕೆಗಳಲ್ಲಿ ದಶಕಗಟ್ಟಲೆ ಕಾಣುವ ಕುಟುಂಬ ಬಿಳಿಯರದೇ. ವಿಪರ್ಯಾಸವೆಂದರೆ ವರ್ಣಭೇದದ ಕಾನೂನು ಜಾರಿಯಲ್ಲಿದ್ದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ರೈತರಿಗೆ ಕ್ಯಾಟಲಾಗು ದೊಡ್ಡ ಆಸರೆಯಾಗಿತ್ತು. ಊರಂಗಡಿಯಲ್ಲಿ ಬಿಳಿಯರೆಲ್ಲ ಹೋದ ಮೇಲೆ ನಿಂತು, ಅವಮಾನ ನುಂಗಿ, ಕೊಟ್ಟದ್ದನ್ನು ಕೊಳ್ಳಬೇಕಿದ್ದವರು ಅಂಚೆಯ ಮೂಲಕ ಎಲ್ಲರಿಗಿದ್ದ ಬೆಲೆಗೇ ಎಲ್ಲರಿಗೆ ಸಿಗುವ ವಸ್ತುವನ್ನೇ ತರಿಸಬಹುದಿತ್ತು. ಇತಿಹಾಸಕಾರ ಲೂಯಿಸ್ ಹೈಮನ್ ಈ ಸಂಗತಿಯನ್ನು ಒತ್ತಿ ಹೇಳಿದ್ದಾರೆ. ಹಣ ಅವರದೂ ಇತ್ತು, ಮುಖ ಮಾತ್ರ ಇರಲಿಲ್ಲ. ಈ ಹೊದಿಕೆಗಳ ಚೆಲುವನ್ನು ಮೆಚ್ಚುವವರು ಇದನ್ನೂ ನೋಡಲೇಬೇಕು.

ಛಾಯಾಚಿತ್ರದ ಕಾಲ

ಎರಡನೆಯ ಮಹಾಯುದ್ಧದ ನಂತರ ಬಣ್ಣದ ಛಾಯಾಚಿತ್ರ ಹೊದಿಕೆಯನ್ನು ಆಕ್ರಮಿಸಿತು. ನಗುವ ರೂಪದರ್ಶಿ, ಹೊಸ ಉಡುಪು, ಬೆಳಗುವ ಸ್ಟುಡಿಯೋ. ಎಲ್ಲವೂ ಸ್ಪಷ್ಟ, ಹೊದಿಕೆಗೂ ಒಳಪುಟಕ್ಕೂ ಇದ್ದ ಅಂತರ ಅಳಿಸಿಹೋಯಿತು. ಆ ಅಂತರವೇ ಹಳೆಯ ಹೊದಿಕೆಗಳ ಜೀವವಾಗಿತ್ತು ಎಂಬುದು ಈಗ ಅವೆರಡನ್ನೂ ಪಕ್ಕಪಕ್ಕ ಇಟ್ಟಾಗ ತಿಳಿಯುತ್ತದೆ. ಕೆಲವು ಅಪವಾದಗಳುಂಟು. 1968ರಲ್ಲಿ ಸ್ಟೂವರ್ಟ್ ಬ್ರಾಂಡ್ ಹೊರತಂದ ‘ಹೋಲ್ ಅರ್ತ್ ಕ್ಯಾಟಲಾಗ್’ ಉಪಗ್ರಹ ತೆಗೆದ ಇಡೀ ಭೂಮಿಯ ಚಿತ್ರವನ್ನು ಕಪ್ಪು ಹಿನ್ನೆಲೆಯಲ್ಲಿ ಇಟ್ಟಿತು. ಸಿಯರ್ಸ್‌ನ ಹಳೆಯ ಭೂಗೋಳ ವ್ಯಾಪಾರದ ವಿಸ್ತಾರವನ್ನು ಹೇಳಿದರೆ ಇದು ಇರುವುದೊಂದೇ ಮನೆ ಎಂದಿತು. ಜರ್ಮನಿಯಲ್ಲಿ ಒಟ್ಟೊ ಸಂಸ್ಥೆ 1950ರಲ್ಲಿ 28 ಜೊತೆ ಪಾದರಕ್ಷೆಗಳ ಚಿತ್ರ ಅಂಟಿಸಿ, ಕೈಯಿಂದ ಹೊಲಿದ 300 ಪ್ರತಿಗಳಿಂದ ಶುರುಮಾಡಿತು. ಸ್ವೀಡನ್ನಿನ ಇಕಿಯ 1951ರ ತನ್ನ ಮೊದಲ ಕ್ಯಾಟಲಾಗಿನ ಮುಖಪುಟಕ್ಕೆ ಒಂದೇ ಒಂದು ಕಂದು ಬಣ್ಣದ ಒರಗುಕುರ್ಚಿಯನ್ನು ಆರಿಸಿಕೊಂಡಿತು. 2016ರ ಹೊತ್ತಿಗೆ ಅದರ ಮುದ್ರಣ 20 ಕೋಟಿ ಪ್ರತಿ ಮುಟ್ಟಿತ್ತು, ಒಳಗಿನ ಚಿತ್ರಗಳಲ್ಲಿ ದೊಡ್ಡ ಪಾಲು ಕಂಪ್ಯೂಟರಿನಲ್ಲೇ ರಚನೆಯಾಗುತ್ತಿತ್ತು.

ನಿಲುಗಡೆಯ ವರ್ಷಗಳು ಹೀಗಿವೆ: ವಾರ್ಡ್ 1985, ಸಿಯರ್ಸ್‌ನ ದೊಡ್ಡ ಪುಸ್ತಕ 1993, ಒಟ್ಟೊ 2018. ಇಕಿಯ 2020ರ ಡಿಸೆಂಬರಿನಲ್ಲಿ ತನ್ನ ಕ್ಯಾಟಲಾಗಿಗೆ ವಿದಾಯ ಹೇಳಿತು. ಬೆಂಗಳೂರಿನ ನಾಗಸಂದ್ರದಲ್ಲಿ ಅದರ ಅಂಗಡಿ ತೆರೆದದ್ದು 2022ರಲ್ಲಿ. ಹೀಗಾಗಿ ಬೆಂಗಳೂರಿನವರಿಗೆ ಆ ಅಂಗಡಿ ಸಿಕ್ಕಿತು, ಎಪ್ಪತ್ತು ವರ್ಷದ ಆ ಪುಸ್ತಕ ಸಿಗಲಿಲ್ಲ.

ಸಂಗ್ರಹ ಮತ್ತು ಅಧ್ಯಯನ

ಲಕ್ಷಗಟ್ಟಲೆ ಅಚ್ಚಾದರೂ ಹಳೆಯ ಹೊದಿಕೆಗಳು ಸುಲಭವಾಗಿ ಸಿಗುವುದಿಲ್ಲ. ಹೊಸ ಪುಸ್ತಕ ಬಂದ ಕೂಡಲೇ ಹಳೆಯದು ಮಕ್ಕಳ ಕತ್ತರಿಗೆ, ಒಲೆಗೆ, ಪಾಯಿಖಾನೆಗೆ. ಉಳಿದ ಪ್ರತಿಗಳಲ್ಲೂ ಮೊದಲು ಹರಿಯುವುದು ಹೊದಿಕೆ. ತೆಳುವಾದ ಅಗ್ಗದ ಕಾಗದ ಹುಳಿಯಿಂದ ಹಳದಿಗಟ್ಟಿ ಮುರಿಯುತ್ತದೆ. ಹೊದಿಕೆಗೆ ಬಳಸಿದ ತುಸು ದಪ್ಪ ಕಾಗದ ಬೆನ್ನಿನ ಮಡಿಕೆಯಲ್ಲಿ ಸೀಳುತ್ತದೆ. ಸಂಗ್ರಾಹಕರು ಹೊದಿಕೆ ಎರಡೂ ಕಡೆ ಇರುವ ಪ್ರತಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಬರ್ಪಿಯಂಥ ಬೀಜದ ಕ್ಯಾಟಲಾಗುಗಳಲ್ಲಿ ಹಿಂಬದಿಯ ಹೊದಿಕೆಯೂ ಪೂರ್ಣ ಬಣ್ಣದ್ದಾದ್ದರಿಂದ ಅದಿಲ್ಲದ ಪ್ರತಿ ಅರ್ಧವೆಂದೇ ಲೆಕ್ಕ.

1960ರ ದಶಕದ ಕೊನೆಯಲ್ಲಿ ಸಿಯರ್ಸ್‌ನ 1897ರ ಕ್ಯಾಟಲಾಗನ್ನು ಯಥಾಪ್ರತಿಯಾಗಿ ಮರುಮುದ್ರಿಸಿದಾಗ ಅದಕ್ಕೆ ಸಿಕ್ಕ ಸ್ವಾಗತ ಇಂಥ ಇನ್ನಷ್ಟು ಮರುಮುದ್ರಣಗಳಿಗೆ ದಾರಿಯಾಯಿತು. ಇಂಗ್ಲೆಂಡಿನಲ್ಲಿ ಮಾರಿಸ್ ರಿಕರ್ಡ್ಸ್ 1975ರಲ್ಲಿ ಸ್ಥಾಪಿಸಿದ ಎಫೆಮೆರಾ ಸೊಸೈಟಿ, ಉಳಿಸಬೇಕೆಂದು ಯಾರೂ ಮುದ್ರಿಸದ ಇಂಥ ಕಾಗದಗಳನ್ನು ಶಾಸ್ತ್ರೀಯವಾಗಿ ಸಂಗ್ರಹಿಸುವುದನ್ನು ಕಲಿಸಿತು. ಈಟನ್ಸ್‌ನ ದಾಖಲೆಗಳು ಒಂಟಾರಿಯೊ ಪ್ರಾಂತ್ಯದ ದಾಖಲೆ ಭಂಡಾರದಲ್ಲಿವೆ. ಇಂಗ್ಲೆಂಡಿನ ವೂಸ್ಟರಿನಲ್ಲಿದ್ದ ಕೇಯ್ಸ್ ಎಂಬ ಅಂಚೆ ವ್ಯಾಪಾರ ಸಂಸ್ಥೆಯ ಕ್ಯಾಟಲಾಗುಗಳನ್ನು ಅಲ್ಲಿನ ವಿಶ್ವವಿದ್ಯಾಲಯ ಕಾಪಾಡಿಕೊಂಡಿದೆ. ಉಡುಪು, ಪೀಠೋಪಕರಣ, ಆಟಿಕೆಗಳ ಕಾಲ ನಿರ್ಧರಿಸಲು ಸಿನಿಮಾ ಕಲಾ ನಿರ್ದೇಶಕರೂ ವಸ್ತುಸಂಗ್ರಹಾಲಯದವರೂ ಒಳಪುಟಗಳನ್ನು ನೋಡುತ್ತಾರೆ. ಹೊದಿಕೆಗಳನ್ನೇ ಪ್ರತ್ಯೇಕವಾಗಿ, ಚಿತ್ರಕಾರರ ಹೆಸರು ಪತ್ತೆಹಚ್ಚಿ, ಅಚ್ಚಿನ ವಿಧಾನ ಗುರುತಿಸಿ ಮಾಡಬೇಕಾದ ಕೆಲಸ ಇನ್ನೂ ಬಹಳ ಉಳಿದಿದೆ.

ಸಿಯರ್ಸ್ 2017ರಲ್ಲಿ ತನ್ನ ಕ್ರಿಸ್‌ಮಸ್ ಪುಸ್ತಕವನ್ನು ಮತ್ತೆ ಹೊರಡಿಸಲು ಯತ್ನಿಸಿತು; ಮರುವರ್ಷ ಆ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಅದೇ 2018ರಲ್ಲಿ, ಅಂಗಡಿಯೇ ಇಲ್ಲದೆ ಪರದೆಯ ಮೇಲೆ ಬೆಳೆದ ಅಮೆಜಾನ್ ಅಮೆರಿಕದ ಲಕ್ಷಾಂತರ ಮನೆಗಳಿಗೆ ಕಾಗದದಲ್ಲಿ ಅಚ್ಚಾದ ಆಟಿಕೆ ಕ್ಯಾಟಲಾಗನ್ನು ಅಂಚೆಯಲ್ಲಿ ಕಳಿಸಿತು.